ಯಾರೂ ತುಳಿಯದ ಎಡಮೂಲೆ

ಕಬಡ್ಡಿ ಪಂದ್ಯದ ಕೊನೆಯ ದಾಳಿಗೆ ಬಂದ ರೈಡರ್ ಎಡಮೂಲೆಯತ್ತ ಒಂದು ಹೆಜ್ಜೆ ಇಟ್ಟವನು, ಅಲ್ಲಿ ಕಾದಿದ್ದ ನಂದನನ ಕೈಗಳನ್ನು ಕಂಡೊಡನೆ ಅದನ್ನು ಹಿಂದೆಗೆದುಕೊಂಡ. ನೆಲದಿಂದ ಗೇಣು ಮೇಲೆ ತೆರೆದಿದ್ದ ಆ ಕೈಗಳು, ಒಲೆಯ ಮೇಲಿನ ಹಾಲನ್ನು ಕಾಯುವವಳ ತಾಳ್ಮೆಯಿಂದ ಅಲುಗದೆ ನಿಂತಿದ್ದವು. ರೈಡರ್ ಬಲಕ್ಕೆ ಸರಿದು ಅಲ್ಲಿ ಸಿಕ್ಕಿಬಿದ್ದ. ಕೊಲ್ಲಿನಾಡಿನ ದೇರಾ ಪೇಟೆಯ ಸಭಾಂಗಣವೆಲ್ಲ ಎದ್ದು ನಿಂತು ಬಲಮೂಲೆಯವನನ್ನು ಕೊಂಡಾಡಿತು.

"ನೀವು ಹೇಳಿದ ನಂದನ್ ಒಬ್ಬನನ್ನೂ ಹಿಡೀಲಿಲ್ಲ ಮಾರಾಯ್ರೆ," ಎಂದ, ವೃತ್ತಿಪರ ತಂಡಕ್ಕೆ ಕಾಲೇಜು ಆಟಗಾರನೊಬ್ಬನನ್ನು ಆರಿಸಲು ಬಂದಿದ್ದ ಪೃಥ್ವಿರಾಜ್. ಅಂಕಗಳಿದ್ದ ಫೋನನ್ನು ಜೇಬಿಗಿಳಿಸಿದ. "ಸೊನ್ನೆ. ಖಲಾಸ್. ಇರುವುದು ಒಂದೇ ಜಾಗ, ಬಲಮೂಲೆಯವನಿಗೇ ಕೊಡ್ತೇನೆ."

ಮೈಸೂರಿನಲ್ಲಿ ಆಟದ ಮೇಷ್ಟರಾಗಿದ್ದು, ಈಗ ಇದೇ ನಗರದ ಮಿರ್ದಿಫ್‌ನ ಮಗಳ ಮನೆಯಲ್ಲಿರುವ ಪಕ್ಕದಲ್ಲಿದ್ದ ಶ್ರೀಕಂಠಯ್ಯನವರಿಗೆ ಮೈ ಉರಿಯಿತು. ಕಳ್ಳನನ್ನು ಹಿಡಿದವನಿಗೆ ಸನ್ಮಾನ, ಕಳ್ಳ ಹೊಸ್ತಿಲನ್ನೇ ತುಳಿಯದಂತೆ ಕಾದವನಿಗೆ ಸೊನ್ನೆ. ಇದು ಯಾವ ನ್ಯಾಯ? "ಎಣಿಸೋಕೆ ಸಿಕ್ಕಿದ್ದನ್ನೇ ಯೋಗ್ಯತೆ ಅಂದ್ಕೊಂಡ್ರೆ ಹೆಂಗಪ್ಪ?" ಎಂದವರೇ, ಬೆವರೊರೆಸಿಕೊಳ್ಳುತ್ತ ಹೊರಟಿದ್ದ ಆ ರೈಡರನ್ನೇ ತಡೆದು, ಎಡಮೂಲೆಗೆ ಒಮ್ಮೆಯೂ ಏಕೆ ಹೋಗಲಿಲ್ಲವೆಂದು ಕೇಳಿದರು.

"ಅಲ್ಲಿಗಾ?" ರೈಡರ್ ಅಂಕಣದತ್ತ ತಿರುಗಿ, ನೀರು ಕುಡಿಯುತ್ತಿದ್ದ ನಂದನನನ್ನು ನೋಡಿ ನಕ್ಕ. "ಮುಂದಿನ ವಾರ ಅಕ್ಕನ ಮದುವೆ ಉಂಟು ಸರ್. ನಂಗೆ ಕುಣೀಲಿಕ್ಕೆ ಕಾಲು ಬೇಕು."

ಪೃಥ್ವಿರಾಜ್ ತಾನೂ ಆ ಮೂಲೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಜೇಬಿನಿಂದ ಫೋನನ್ನು ಮತ್ತೆ ಹೊರತೆಗೆದ.

"ಆ ಸೊನ್ನೆಯವನ ನಂಬರ್ ಹೇಳಿ ಮಾಷ್ಟ್ರೇ."