ಇಬ್ಬರಿಗೊಂದು ಚೌಕ

ಗುಂಡ್ಲುಪೇಟೆಯ ಗೋದಾಮಿಗೆ ಕಂಪನಿಯ ಕೆಲಸದ ನಕ್ಷೆ ಬರೆಯುವ ರಂಜಿನಿ ಬಂದಾಗ, ಲೋಡಿಂಗ್ ನೋಡುವ ಶಿವಣ್ಣ ಒಬ್ಬನೇ ಈರುಳ್ಳಿ ಮೂಟೆ ತೂಗುತ್ತಿದ್ದ, ಒಬ್ಬನೇ ಓಡಿಹೋಗಿ ಲಾರಿಗೆ ಏರಿದ್ದನ್ನು ಎಣಿಸುತ್ತಿದ್ದ. ತೂಕ ನೋಡುವ ಗುರುಮಲ್ಲಮ್ಮ ಕಾಣಲಿಲ್ಲ. ಕೇರಳದ ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ.

ಅವರೆಲ್ಲಿ ಎಂದು ಕೇಳಿದ್ದಕ್ಕೆ ಶಿವಣ್ಣ ಗೋಡೆ ತೋರಿಸಿದ. ಹೋದ ವಾರ ರಂಜಿನಿಯೇ ಅಂಟಿಸಿದ್ದ ಎರಡು ನಕ್ಷೆಗಳು: ಕಂಪನಿ ಈಗ ಹೇಗಿದೆ, ಮುಂದೆ ಹೇಗಿರಬೇಕು. ತಪ್ಪಿದ್ದರೆ ಗುರುತು ಹಾಕಿ ಎಂದು ಕೆಂಪು ಪೆನ್ನನ್ನೂ ದಾರದಲ್ಲಿ ಕಟ್ಟಿದ್ದಳು. ಯಾರೂ ಒಂದು ಗೆರೆ ಎಳೆದಿರಲಿಲ್ಲ.

"ಈಗಿಂದ್ರಲ್ಲಿ ತೂಕಕ್ಕೊಂದು ಚೌಕ, ಲೋಡಿಂಗ್‌ಗೊಂದು ಚೌಕ. ಮುಂದಿಂದ್ರಲ್ಲಿ ಎರಡೂ ಸೇರಿ ಒಂದೇ. ಇಬ್ರಲ್ಲಿ ಒಬ್ರು ಓಗ್ಬೇಕು ಅಂತ ತಾನೆ ಮೇಡಂ?" ಎಂದ ಶಿವಣ್ಣ. "ಅಕ್ಕ ನೋಡ್ಬುಟ್ಟು, 'ನಿನ್ ಮಕ್ಳು ಇನ್ನೂ ಚಿಕ್ಕವು ಕಣ್ಲಾ, ನೀನೇ ಇರು' ಅಂದ್ರು. ಊರಿಗೆ, ಭೀಮನಬೀಡಿಗೆ ಒಂಟೋದ್ರು."

ಸಂಸ್ಥೆಗಳ ಕೆಲಸವನ್ನು ಚಿತ್ರದಲ್ಲಿ ಬರೆಯಲೆಂದೇ ಇರುವ ಈ ನಕ್ಷೆಗಳ ಭಾಷೆಯನ್ನು ರಂಜಿನಿ ಸಂಜೆ ತರಗತಿಯಲ್ಲಿ ಕಲಿತಿದ್ದಳು. ಅದರಲ್ಲಿ ಚೌಕವೆಂದರೆ ಒಂದು ಹೊಣೆ, ಒಬ್ಬ ಆಳಲ್ಲ. ಒಂದು ಹೊಣೆಯನ್ನು ಎಷ್ಟು ಜನ ಬೇಕಾದರೂ ಹೊರಬಹುದು. ಎರಡು ಲೆಕ್ಕವೂ ಒಂದೇ ಕಂಪ್ಯೂಟರಿಗೆ ಬರಲೆಂದು ಸೇರಿಸಿದ್ದಳು, ಅಷ್ಟೆ. ನಕ್ಷೆ ಅಂಟಿಸಿದ ದಿನವೇ ಇದನ್ನು ಇವರಿಬ್ಬರಿಗೂ ಹೇಳಿದ್ದೆ ಎಂದುಕೊಂಡಿದ್ದಳು. ಈಗ ನೆನೆದರೆ, ಹೇಳಿದ್ದು ಚಾಮರಾಜನಗರದ ಆಫೀಸಿನವರಿಗೆ ಮಾತ್ರ.

ಶಿವಣ್ಣನ ಎದುರಿಗೇ ಗುರುಮಲ್ಲಮ್ಮನಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದಳು. ಅವರು ಬೈಯಲಿಲ್ಲ, ಅದೇ ಅವಳನ್ನು ಹೆಚ್ಚು ನೋಯಿಸಿತು. "ಸಾವ್ಕಾರ್ರು ಒಂದ್ ಮಾತು ಹೂಂ ಅನ್ಲಿ, ನಾಳೆನೇ ಬತ್ತೀನಿ ಕಣಮ್ಮಿ. ಮನೇಲಿ ಕುಂತು ಕುಂತು ಕೈಕಾಲು ಜೋಮು ಹಿಡ್ದವೆ," ಎಂದು ನಕ್ಕರು.

ರಂಜಿನಿ ಹೊರಗೆ ಬಂದು, ಲಾರಿಯ ಮರೆಯಲ್ಲಿ ನಿಂತು ಮಾಲೀಕ ಗುರುಪಾದಸ್ವಾಮಿಗೆ ಫೋನ್ ಮಾಡಿದಳು. ತಪ್ಪು ತನ್ನದು, ನಕ್ಷೆಗೆ ಆ ಅರ್ಥವೇ ಇಲ್ಲ ಎಂದು ಎರಡೆರಡು ಸಲ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ಈಗ ಶಿವಣ್ಣ ಒಬ್ನೇ ನಡೆಸ್ತಾವ್ನಲ್ಲಮ್ಮ," ಎಂದರು ಸಮಾಧಾನದ ದನಿಯಲ್ಲಿ. "ನೀವ್ಯಾಕೆ ಇಷ್ಟು ಕೊರಗ್ತೀರಿ? ನಿಮ್ ನಕ್ಷೆ ಸರಿಯಾಗೇ ಇದೆ."

ಅವಳು ಒಳಗೆ ಬಂದಾಗ ಶಿವಣ್ಣ ತೂಕ ನಿಲ್ಲಿಸಿದ್ದ. ಮೂಲೆಯಲ್ಲಿದ್ದ ಗುರುಮಲ್ಲಮ್ಮನ ಸ್ಟೂಲನ್ನು ತಕ್ಕಡಿಯ ಪಕ್ಕಕ್ಕೆ ಎಳೆದು ತಂದು, ಹೆಗಲ ಟವೆಲಿನಿಂದ ಅದರ ಮೇಲಿನ ಈರುಳ್ಳಿ ಸಿಪ್ಪೆ ಒರೆಸುತ್ತಿದ್ದ.