ಬಾಡಿಗೆಗೆ ಮುಂಚಿನ ರೊಟ್ಟಿ

ಆಗ ನನಗೆ ಎಂಟು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಪಕ್ಕದ ಮನೆಯಿಂದ ಜೋಳದ ರೊಟ್ಟಿಯ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನವೇ ಕಣ್ಣ ಮುಂದೆ ನಿಲ್ಲುತ್ತದೆ.

ಕುಕನೂರಿನ ಮನೆಯಲ್ಲಿ ಅಜ್ಜಿ, ನಾನು ಇಬ್ಬರೇ. ಹಿಂದಿನ ಕೋಣೆಯನ್ನು ಬಾಡಿಗೆಗೆ ಕೇಳಿ ಬಂದ ಪ್ರತಿ ಹೆಂಗಸಿನ ಕೈಲೂ ಅಜ್ಜಿ ಮೊದಲು ನಮ್ಮ ಒಲೆಯ ಮೇಲೆ ಒಂದು ರೊಟ್ಟಿ ಮಾಡಿಸುತ್ತಿದ್ದಳು. ಕೈ ತೊಳೆಯುತ್ತಾಳೋ ಇಲ್ಲವೋ, ಕಟ್ಟಿಗೆ ಎಷ್ಟು ಸುಡುತ್ತಾಳೆ, ಎಲ್ಲ ನೋಡುತ್ತಿದ್ದಳು.

ಅವತ್ತು ಬಂದವಳ ಜೊತೆ ನನ್ನಷ್ಟೇ ಎತ್ತರದ ಮಗಳಿದ್ದಳು. ತಾಯಿ ರೊಟ್ಟಿ ಬಡಿಯುವಾಗ ನಾವಿಬ್ಬರೂ ಆ ಖಾಲಿ ಕೋಣೆಯಲ್ಲಿ ಇದ್ದಿಲಿನಿಂದ ಕುಂಟಾಬಿಲ್ಲೆಯ ಮನೆ ಗೀರಿದೆವು. "ನಾಳಿಂದ ದಿನಾ ಆಡೂಣು" ಅಂದಳು ಹುಡುಗಿ.

ಅಜ್ಜಿ ರೊಟ್ಟಿ ಮುರಿದು ತಿಂದಳು. "ಕೈ ಛಲೋ ಐತಿ. ಗಂಡ ಎಲ್ಲದಾನ?"

"ಬಿಟ್ಟು ಹೋಗ್ಯಾನ್ರಿ."

"ಹಂಗಾದ್ರ ಕೋಣಿ ಇಲ್ಲವ್ವ."

"ನಿಮ್ಮನ್ಯಾಗೂ ಗಂಡಸ್ರಿಲ್ಲಲ್ರಿ, ಯಮ್ಮಾ!"

"ಅದಕ್ಕ ಹೇಳಾಕತ್ತೀನಿ. ನಾ ಒಬ್ಬಾಕಿ ಇದ್ರನ ಓಣಿ ಇಷ್ಟು ಮಾತಾಡತೈತಿ, ಇಬ್ಬರಾದ್ರ ಬಿಡತೈತೇನು?"

ಅವಳು ಕೈಗಂಟಿದ ಹಿಟ್ಟನ್ನೂ ತೊಳೆಯದೆ ಮಗಳನ್ನು ಎಳೆದುಕೊಂಡು ಹೋದಳು.

ಮರುದಿನ ಬೆಳಿಗ್ಗೆ ಆಕೆಯ ರೊಟ್ಟಿಯಲ್ಲಿ ಉಳಿದಿದ್ದ ಅರ್ಧ ತಿಂದು, ಆ ಕೋಣೆಗೆ ಹೋಗಿ ಕುಂಟಾಬಿಲ್ಲೆ ಆಡಿದೆ. ಹುಡುಗಿಯ ಸರದಿ ಬಂದಾಗ ಅವಳದನ್ನೂ ನಾನೇ ಆಡಿದೆ.