ಕಪ್ಪೆ ಕೂಗದ ಸಂಜೆ

ಸಂಜೆಯಾದರೂ ಓಣಿಯ ಹೊಂಡದಲ್ಲಿ ಒಂದು ಕಪ್ಪೆಯೂ ಕೂಗಲಿಲ್ಲ. ಕಪ್ಪೆ ಕೂಗದೆ ಯಾರೂ ದಂಡೆಯ ಮೇಲಿನ ತಮ್ಮ ಮನೆಯ ನಲ್ಲಿಯಲ್ಲಿ ನೀರು ತುಂಬುವಂತಿಲ್ಲ. ಎಲ್ಲ ಮನೆಗಳ ಬಚ್ಚಲ ನೀರು ಜೊಂಡಿನಲ್ಲಿ ಸೋಸಿ ಆ ಹೊಂಡಕ್ಕೇ ಬರುತ್ತದೆ. ಅದು ಕುಡಿಯಲು ತಕ್ಕದ್ದೆಂದು ಕಪ್ಪೆಗಳೇ ಹೇಳಬೇಕು.

"ಕೈ ಚಾಚ್ರಿ," ಎಂದಳು ಓಣಿಯ ಹಿರಿಯಳು ಗುರಸಿದ್ದವ್ವ.

ಪದ್ಧತಿಯಂತೆ ಎಲ್ಲರೂ ಕೊಡ ಕೆಳಗಿಟ್ಟು ಪಕ್ಕದ ಮನೆಯವರ ಕೈ ಮೂಸತೊಡಗಿದರು. ಸೋಪು ಬೆರೆತ ನೀರಿನಲ್ಲಿ ಕಪ್ಪೆ ಕೂಗುವುದಿಲ್ಲ. ಕೈಯಲ್ಲಿ ಸೋಪಿನ ವಾಸನೆ ಸಿಕ್ಕರೆ ಆ ಮನೆಯ ನಲ್ಲಿ ಮುಂದಿನ ಮಳೆಯವರೆಗೆ ಬಂದ್. ಯಾರ ಕೈಯಲ್ಲೂ ಸಿಗದಿದ್ದರೆ ಇಡೀ ಹೊಂಡವನ್ನೇ ಬರಿದು ಮಾಡಬೇಕು.

ಶಾಂಭವಿಯ ಪಾಲಿಗೆ ಬಂದದ್ದು ಬಾಣಂತಿ ರೇಣವ್ವನ ಕೈ. ಗಂಧದ ಸೋಪು ಘಮ್ಮೆಂದು ಮೂಗಿಗೆ ಹೊಡೆಯಿತು.

"ಅಜ್ಜಿ ಪೆಟ್ಟಿಗ್ಯಾಗ ಒಂದ ಚೂರು ಇತ್ತು, ಅಕ್ಕಾ. ಇವತ್ತ ಕೂಸಿನ ತೊಟ್ಟಿಲ ಶಾಸ್ತ್ರ ಇತ್ತಲ್ಲ..." ರೇಣವ್ವ ಪಿಸುಗುಟ್ಟಿದಳು. "ಹೇಳಬ್ಯಾಡ. ನೀರಿಲ್ಲಂದ್ರ ನನ್ನ ಹಾಲ ಬತ್ತತಾವು."

"ಏನ ಶಾಂಭವಿ, ಮೂಗ ಕಟ್ಟೇತೇನು?" ಗುರಸಿದ್ದವ್ವ ಕೂಗಿದಳು.

"ಸೋಪು ಐತಿ, ಯವ್ವಾ. ಇವರ ನಲ್ಲಿ ಬಂದ್ ಮಾಡ್ರಿ."

ರೇಣವ್ವ ಕೈ ಕಿತ್ತುಕೊಳ್ಳಲು ನೋಡಿದಳು. ಶಾಂಭವಿ ಇನ್ನೂ ಬಿಗಿಯಾಗಿ ಹಿಡಿದಳು.

"ಮಳಿ ಬರೂತನಕ ತಾಯಿ-ಕೂಸು ನಮ್ಮನ್ಯಾಗ ಇರ್ತಾರ. ನಮ್ಮ ನಲ್ಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ."